ಬೇಸಿಗೆಯ ರಜೆಯಲ್ಲಿ ಒಂದು ದಿನದ ಸಂಚಾರ

ಬೇಸಿಗೆಯ ರಜೆ ಕಳೆದು ಶಾಲೆಗೆ ಮರಳಿದ ಬಾಲಿಕೆಯರನ್ನು, ರಜೆಯಲ್ಲಿ ಏನನ್ನು ಕಂಡಿರಿ ಎಂದು ಕೇಳಿದರೆ, ಹೆಚ್ಚಿನವರು ಮದುವೆಯ ಹಂದರವನ್ನೋ ಸೋದರಮಾವನ ಮನೆಯನ್ನೋ ಹೇಳಿ ಸುಮ್ಮನಾಗುವರು. ಅವರ ಅಣ್ಣತಮ್ಮಂದಿರಾದರೋ ಕೋಟೆಯನ್ನು ಹತ್ತಿ, ಹೊಳೆಯ ದಂಡೆಯನ್ನು ಸುತ್ತಿ ಬಂದಿರುವರು. ಈ ಭೇದಕ್ಕೆ ಮನೆಗಳಲ್ಲಿ ಸಾಮಾನ್ಯವಾಗಿ ಹೇಳುವ ಕಾರಣವು ವೆಚ್ಚ. ಆ ಕಾರಣವು ಎಷ್ಟರ ಮಟ್ಟಿಗೆ ನಿಜವೆಂಬುದನ್ನು ಇಲ್ಲಿ ವಿಚಾರಿಸೋಣ.

ಮೊದಲನೆಯದು ಪ್ರಯಾಣದ ವೆಚ್ಚ. 2023ನೆಯ ಇಸವಿಯ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯ ಮೇರೆಗೆ, ರಾಜ್ಯದ ಸ್ತ್ರೀಯರು ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಹಣ ಕೊಡದೆ ಪ್ರಯಾಣ ಮಾಡಬಹುದು. ಗುರುತಿನ ಚೀಟಿಯೊಂದು ಜೊತೆಗಿದ್ದರಾಯಿತು. ಆದುದರಿಂದ ತಾಯಿ ಮಗಳಂದಿರ ಸಂಚಾರಕ್ಕೆ ಬಸ್ಸಿನ ಖರ್ಚೆಂಬುದು ಈಗ ಅಡ್ಡಿಯಲ್ಲ. ಎರಡನೆಯದು ಊಟ. ಕಟಕ ರೊಟ್ಟಿ, ಶೇಂಗಾ ಚಟ್ನಿ, ಉಳ್ಳಾಗಡ್ಡಿ, ಮೊಸರು, ಇವಿಷ್ಟರ ಬುತ್ತಿಯು ಯಾವ ಖಾನಾವಳಿಯ ಊಟಕ್ಕೂ ಕಡಿಮೆಯಲ್ಲ. ಪರಂತು ಬುತ್ತಿ ಕಟ್ಟುವ ಕೆಲಸವನ್ನು ಹಿಂದಿನ ಸಂಜೆಯೇ ಮನೆಯವರೆಲ್ಲರೂ ಕೂಡಿ ಮಾಡತಕ್ಕದ್ದು. ಇಲ್ಲವಾದರೆ ಸಂಚಾರದ ದಿನವು ತಾಯಿಗೆ ದುಪ್ಪಟ್ಟು ದುಡಿಮೆಯ ದಿನವಾಗುವುದು.

ಮೂರನೆಯದು ಬಿಸಿಲು. ನಮ್ಮ ಸೀಮೆಯಲ್ಲಿ ಏಪ್ರಿಲ್ ಮೇ ತಿಂಗಳುಗಳ ಬಿಸಿಲು 40 ಡಿಗ್ರಿಯನ್ನು ಮುಟ್ಟುವುದುಂಟು. ಬಂಡೆಗಳು ಕಾದ ಮೇಲೆ ಗುಡ್ಡದಲ್ಲಿ ನಿಲ್ಲುವುದು ಅಪಾಯಕರ. ಆದಕಾರಣ ಗುಡ್ಡ ಹತ್ತುವುದನ್ನು ಮುಂಜಾನೆಯೇ ಮುಗಿಸಿ, ಹತ್ತು ಗಂಟೆಯೊಳಗೆ ನೆರಳನ್ನು ಸೇರಬೇಕು. ಕುಡಿಯುವ ನೀರನ್ನು ಮನೆಯಿಂದಲೇ ಒಯ್ಯಬೇಕು. ಒಂದು ದಿನಕ್ಕೆ ಒಂದೇ ದಿಕ್ಕು ಸಾಕು; ಅವಸರದಿಂದ ನಾಲ್ಕು ಊರು ಸುತ್ತಿದವರು ಒಂದನ್ನೂ ಕಾಣರು.

ಕೊಪ್ಪಳದಲ್ಲಿರುವವರಿಗೆ ಮೊದಲ ಪಾಠವು ಊರಲ್ಲಿಯೇ ಇದೆ. ಗವಿಮಠದ ಗುಡ್ಡದಲ್ಲಿಯೂ, ಪಲ್ಲಕ್ಕಿಯ ಆಕಾರದ ಬಂಡೆಯಿಂದ ಹೆಸರು ಪಡೆದ ಪಾಲ್ಕಿಗುಂಡಿನಲ್ಲಿಯೂ ಅಶೋಕ ಚಕ್ರವರ್ತಿಯ ಶಾಸನಗಳಿವೆ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ವಯಸ್ಸು ಸುಮಾರು 2,200 ವರ್ಷಗಳಿಗೂ ಮೇಲೆ. ಉತ್ತಮವಾದ ಫಲವು ದೊಡ್ಡವರಿಗೆ ಮಾತ್ರವಲ್ಲ, ಪ್ರಯತ್ನಶೀಲರಾದ ಸಣ್ಣವರಿಗೂ ದೊರೆಯುವುದೆಂಬುದು ಅದರ ಮುಖ್ಯಾರ್ಥ. ಬಾಲಿಕೆಯರು ಇದನ್ನು ಪುಸ್ತಕದಲ್ಲಿ ಓದುವುದಕ್ಕಿಂತ ಬಂಡೆಯ ಎದುರಿಗೆ ನಿಂತು ತಿಳಿಯುವುದು ಮೇಲು. ಇನ್ನೊಂದು ಮುಂಜಾನೆ ಕೋಟೆಯನ್ನು ಹತ್ತಬಹುದು. 1786ರಲ್ಲಿ ಟಿಪ್ಪು ಸುಲ್ತಾನನು ಫ್ರೆಂಚ್ ಇಂಜಿನಿಯರರಿಂದ ಬಲಪಡಿಸಿದ ಈ ಕೋಟೆಯಲ್ಲಿಯೇ 1858ರಲ್ಲಿ ಮುಂಡರಗಿಯ ಭೀಮರಾಯನು ಬ್ರಿಟಿಷರೊಡನೆ ಹೋರಾಡಿ ಮಡಿದನು.

ಯಲಬುರ್ಗಾ ಕಡೆಯವರಿಗೆ ಕುಕನೂರು, ಇಟಗಿಗಳು ಸಮೀಪ. ಹಿಂದೆ ಯಲಬುರ್ಗಾ ತಾಲೂಕಿಗೆ ಸೇರಿದ್ದ ಇವು ಈಗ ಕುಕನೂರು ತಾಲೂಕಿನಲ್ಲಿವೆ. ಕುಕನೂರಿನ ನವಲಿಂಗ ದೇವಾಲಯವು ರಾಷ್ಟ್ರಕೂಟರ ಕಾಲದ್ದು. ಇಟಗಿಯ ಮಹಾದೇವ ದೇವಾಲಯವನ್ನು ಆರನೆಯ ವಿಕ್ರಮಾದಿತ್ಯನ ದಂಡನಾಯಕನಾದ ಮಹಾದೇವನು 1112ರಲ್ಲಿ ಕಟ್ಟಿಸಿದನು. ಶಾಸನವು ಅದನ್ನು ದೇವಾಲಯಗಳ ಚಕ್ರವರ್ತಿಯೆಂದು ಕೊಂಡಾಡುತ್ತದೆ. ಅಲ್ಲಿಯ ಕಂಬಗಳು ಮೃದುವಾದ ಬಳಪದ ಕಲ್ಲಿನವು. ಅಷ್ಟು ನುಣುಪಾದ ಕೆಲಸಕ್ಕೆ ಅದೇ ಕಾರಣ. ಮಕ್ಕಳಿಗೆ ಕಾಗದವನ್ನೂ ಸೀಸದ ಕಡ್ಡಿಯನ್ನೂ ಕೊಟ್ಟು, ಒಂದೇ ಒಂದು ಕಂಬವನ್ನು ಬರೆಯಲು ಹೇಳಿರಿ. ಕಣ್ಣು ಪಳಗುವುದು ಹೀಗೆಯೇ. ಬಿಸಿಲಿಗೆ ಅಂಜುವವರು ಕೊಪ್ಪಳದ ಸಮೀಪದ ಕಿನ್ನಾಳಕ್ಕೆ ಹೋಗಿ, ಹಗುರವಾದ ಮರದಿಂದ ಬೊಂಬೆಗಳನ್ನು ಮಾಡಿ ಬಣ್ಣವಿಡುವ ಚಿತ್ರಗಾರರ ಕುಶಲತೆಯನ್ನು ನೆರಳಿನಲ್ಲಿ ಕುಳಿತೇ ನೋಡಬಹುದು.

ಕಾಲಿದ್ದವರು ಹಂಪೆ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಎಂಬ ಗಾದೆಯನ್ನು ಗಂಗಾವತಿಯ ಕಡೆಯ ಮಕ್ಕಳು ಬಲ್ಲರು. ಆದರೆ ಕನಕಾಚಲಪತಿಯ ಗುಡಿಯನ್ನು ಕಣ್ಣಾರೆ ಕಂಡವರೆಷ್ಟು ಮಂದಿ? ಆನೆಗೊಂದಿಯ ಬಳಿಯ ಅಂಜನಾದ್ರಿಗೆ 575 ಮೆಟ್ಟಿಲುಗಳು. ನಸುಕಿನಲ್ಲಿ ಹತ್ತಿದರೆ ತುಂಗಭದ್ರೆ, ಗದ್ದೆಗಳು, ಆಚೆಯ ದಂಡೆಯ ಹಂಪೆ, ಎಲ್ಲವೂ ನಕಾಶೆಯಂತೆ ಕಾಣುವುವು. ಆದರೆ ಹೊಳೆಯಲ್ಲಿ ಇಳಿಯುವುದು ಸರ್ವಥಾ ಬೇಡ; ಬಂಡೆಗಳ ನಡುವೆ ಮಡುಗಳಿವೆ, ಮೇಲೆ ಅಣೆಕಟ್ಟಿನಿಂದ ನೀರು ಬಿಡುವುದೂ ಉಂಟು.

ಕೆಲವು ಸ್ಥಳಗಳನ್ನು ಬೇರೆ ಋತುವಿಗೆ ಮೀಸಲಿಡುವುದು ವಿವೇಕ. ಕುಷ್ಟಗಿ ತಾಲೂಕಿನ ಕಬ್ಬರಗಿಯ ಕಪಿಲತೀರ್ಥವು ಮಳೆಗಾಲದ ಜಲಪಾತ. ಬೇಸಿಗೆಯಲ್ಲಿ ಆ ಕಡೆಯವರು ತಾವರಗೇರಾ ಸಮೀಪದ ಪುರ ಗ್ರಾಮದ ಕೋಟಿಲಿಂಗಗಳ ದೇವಾಲಯವನ್ನು ನೋಡಬಹುದು. ಜನರು ಮೋರ್ಯರ ಮನೆಗಳೆಂದು ಕರೆಯುವ ಹಿರೇಬೆಣಕಲ್ಲಿನ ಪ್ರಾಚೀನ ಶಿಲಾಸಮಾಧಿಗಳಿಗೆ ಗುಡ್ಡದ ದಾರಿ ದೂರ, ಅವು ಚಳಿಗಾಲಕ್ಕಿರಲಿ.

ಹೀಗೆ ಲೆಕ್ಕ ಹಾಕಿದಲ್ಲಿ ಹಣದ ಅಡ್ಡಿಯು ಬಹುಮಟ್ಟಿಗೆ ಕಳೆಯಿತು. ಉಳಿದ ಅಡ್ಡಿಯು ಅಪ್ಪಣೆಯದು. ಹುಡುಗಿಗೇಕೆ ತಿರುಗಾಟ ಎಂಬ ಮಾತು ಇನ್ನೂ ಎಷ್ಟೋ ಮನೆಗಳಲ್ಲಿ ಕೇಳಬರುತ್ತದೆ. ತಾಯಂದಿರಂತೂ ತಮಗಾಗಿ ಆ ಅಪ್ಪಣೆಯನ್ನು ಕೇಳುವುದೇ ಇಲ್ಲ. ಕಸೂತಿ ಅಡಿಗೆಗಳನ್ನು ಕಲಿಸಿದ ಹಾಗೆಯೇ, ಬಸ್ಸಿನ ವೇಳೆಯನ್ನು ವಿಚಾರಿಸುವುದು, ದಾರಿ ಕೇಳುವುದು, ಹೊತ್ತಿಗೆ ಸರಿಯಾಗಿ ಮನೆಗೆ ಮರಳುವುದು, ಇವನ್ನೂ ಹೆಣ್ಣುಮಕ್ಕಳಿಗೆ ಕಲಿಸಬೇಕು. ಮುಂದೆ ಓದಿಗಾಗಿ, ಉದ್ಯೋಗಕ್ಕಾಗಿ ಪರವೂರಿಗೆ ಹೋಗಬೇಕಾದವಳು ಮೊದಲು ಇಟಗಿಗೆ ಹೋಗಿ ಬರಲಿ. ಪಾಲಕರು ಈ ರಜೆಯ ಒಂದು ದಿನವನ್ನು ಇಂದೇ ಗೊತ್ತುಮಾಡಿ, ಅದನ್ನು ಏರ್ಪಡಿಸುವ ಹೊಣೆಯನ್ನು ಮಗಳ ಕೈಗೆ ಕೊಡಬೇಕೆಂದು ವಿನಂತಿ.