ದುಡಿಮೆಗೆ ಹೋಗುವುದು ಬೇರೆ, ಮಾರಾಟವಾಗುವುದು ಬೇರೆ
(ಸಂಘದ ಸಭೆಗಳಿಗೆ ಪಾಠ: ಮಾನವ ಕಳ್ಳಸಾಗಣೆ ತಡೆ)



ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಿಂದ ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರಿಗೆ ಗುಳೆ ಹೋಗುವುದು ಹೊಸದೇನಲ್ಲ. ಮಳೆ ಕೈಕೊಟ್ಟರೆ, ತೊಗರಿಗೆ ರೇಟು ಬೀಳದಿದ್ದರೆ ಮನೆಗೆ ಬೀಗ ಹಾಕಿ ಹೊರಡಬೇಕಾಗುತ್ತದೆ. ಗುಳೆ ಹೋಗುವುದು ತಪ್ಪಲ್ಲ. ಆದರೆ ಕೆಲಸದ ಹೆಸರಿನಲ್ಲಿ ಮನುಷ್ಯರನ್ನೇ ಸಾಗಿಸುವವರೂ ಇದ್ದಾರೆ. ಅಂಥವರನ್ನು ಗುರುತಿಸುವುದು ಹೇಗೆ?

ಒಂದು ಕಚೇರಿಯ ಇತಿಹಾಸ

ಮಾದಕ ವಸ್ತು ನಿಯಂತ್ರಣ ಮತ್ತು ಅಪರಾಧ ತಡೆ ಎಂಬ ಎರಡು ಕೆಲಸಗಳನ್ನು ವಿಶ್ವಸಂಸ್ಥೆ 1997ರಲ್ಲಿ ಒಂದೇ ಕಚೇರಿಯಡಿ ತಂದಿತು. 2002ರಿಂದ ಅದರ ಹೆಸರು ಯುಎನ್‌ಒಡಿಸಿ. ಮುಖ್ಯ ಕಚೇರಿ ಆಸ್ಟ್ರಿಯಾ ದೇಶದ ವಿಯೆನ್ನಾದಲ್ಲಿದೆ. ಭಾರತ, ನೇಪಾಳ, ಬಾಂಗ್ಲಾದೇಶ, ಭೂತಾನ್, ಶ್ರೀಲಂಕಾ, ಮಾಲ್ಡೀವ್ಸ್ ಈ ಆರು ದೇಶಗಳ ಕೆಲಸವನ್ನು ದೆಹಲಿಯ ಪ್ರಾದೇಶಿಕ ಕಚೇರಿ ನೋಡಿಕೊಳ್ಳುತ್ತಾ ಬಂದಿದೆ.

2006ರಲ್ಲಿ ಈ ಕಚೇರಿ ಕೇಂದ್ರ ಗೃಹ ಇಲಾಖೆಯೊಂದಿಗೆ ಸೇರಿ ಪೊಲೀಸರಿಗೆ, ಸರ್ಕಾರಿ ವಕೀಲರಿಗೆ ತರಬೇತಿ ಶುರು ಮಾಡಿತು. ಮಹಾರಾಷ್ಟ್ರ, ಗೋವಾ, ಆಂಧ್ರಪ್ರದೇಶ, ಬಿಹಾರ, ಪಶ್ಚಿಮ ಬಂಗಾಳ ಆ ಐದು ರಾಜ್ಯಗಳು. ಕರ್ನಾಟಕ ಅದರಲ್ಲಿ ಇರಲಿಲ್ಲ. ಆದರೆ ಮೊದಲ ಮೂರು ನಮ್ಮ ನೆರೆ ರಾಜ್ಯಗಳೇ. ಹೈದರಾಬಾದ್ ಆಗ ಆಂಧ್ರದಲ್ಲೇ ಇತ್ತು. ಸಿಕ್ಕಿಬಿದ್ದ ಹೆಣ್ಣುಮಗಳನ್ನು ಅಪರಾಧಿಯಂತೆ ನೋಡಬಾರದು, ಅವಳು ಅನ್ಯಾಯಕ್ಕೆ ಒಳಗಾದವಳು ಎಂಬುದು ಆ ತರಬೇತಿಯ ತಿರುಳು.

ಮೂರು ಪ್ರಶ್ನೆ ಕೇಳಿರಿ

ವಿಶ್ವಸಂಸ್ಥೆ 2000ದಲ್ಲಿ ಮಾಡಿದ ಒಪ್ಪಂದಕ್ಕೆ ಭಾರತ 2011ರಲ್ಲಿ ಒಪ್ಪಿಗೆ ಕೊಟ್ಟಿತು. ಅದರ ಪ್ರಕಾರ ಹೀಗೆ ನೋಡಬೇಕು:

1. ಏನು ಮಾಡಿದರು? ಕರೆದೊಯ್ದರೇ, ಇನ್ನೊಬ್ಬರಿಗೆ ಒಪ್ಪಿಸಿದರೇ, ಇಟ್ಟುಕೊಂಡರೇ?
2. ಹೇಗೆ ಮಾಡಿದರು? ಸುಳ್ಳು ಹೇಳಿ, ಹೆದರಿಸಿ, ಬಡತನದ ಲಾಭ ಪಡೆದು?
3. ಯಾತಕ್ಕೆ ಮಾಡಿದರು? ಜೀತಕ್ಕೆ, ವೇಶ್ಯಾವೃತ್ತಿಗೆ, ಅಂಗಾಂಗ ತೆಗೆಯಲಿಕ್ಕೆ?

ಮೂರೂ ಕೂಡಿದರೆ ಅದು ಕಳ್ಳಸಾಗಣೆ. 18 ವರ್ಷದೊಳಗಿನ ಮಕ್ಕಳಾದರೆ ಎರಡನೇ ಪ್ರಶ್ನೆಯೇ ಬೇಕಿಲ್ಲ.

"ಅವಳೇ ಒಪ್ಪಿ ಹೋದಳಲ್ಲ" ಅಂತ ಊರಲ್ಲಿ ಅನ್ನುತ್ತಾರೆ. ಈ ಮಾತು ಕಾನೂನಿನ ಮುಂದೆ ನಿಲ್ಲುವುದಿಲ್ಲ. 2013ರಲ್ಲಿ ತಿದ್ದಿದ 370ನೇ ಕಲಮು ಇದನ್ನೇ ಹೇಳಿತು. 2024ರ ಜುಲೈ 1ರಿಂದ ಅದರ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಮು ಬಂದಿದೆ. ಭಿಕ್ಷೆಗೆ ಹಚ್ಚುವುದನ್ನೂ ಅದು ಸೇರಿಸಿದೆ. ಮುಂಗಡ ಕೊಟ್ಟು ಜೀತಕ್ಕೆ ಕಟ್ಟಿಹಾಕಿದ್ದರೆ, 1976ರ ಜೀತಪದ್ಧತಿ ರದ್ದತಿ ಕಾಯ್ದೆಯಂತೆ ಆ ಸಾಲವೇ ರದ್ದು.

ನಾವು ಮಾಡಬಹುದಾದದ್ದು

ಗುಳೆ ಹೋಗುವವರ ಹೆಸರು, ಹೋಗುವ ಊರು, ಕರೆದೊಯ್ಯುವವರ ಫೋನ್ ನಂಬರು ಸಂಘದ ಪುಸ್ತಕದಲ್ಲಿ ಬರೆದಿಡಿ. ಆಧಾರ್ ಕಾರ್ಡನ್ನು ಯಾರ ಕೈಗೂ ಬಿಟ್ಟುಕೊಡಬೇಡಿ. ಹುಡುಗಿಯನ್ನು ಒಬ್ಬಳನ್ನೇ ಕಳಿಸಿ ಎಂದವರನ್ನು ನಂಬಬೇಡಿ. ಸಂಶಯ ಬಂದರೆ ಮಕ್ಕಳಿಗಾಗಿ 1098, ಮಹಿಳೆಯರಿಗಾಗಿ 181, ಪೊಲೀಸರಿಗೆ 112. ಜೀತದ ದೂರನ್ನು ಜಿಲ್ಲಾಧಿಕಾರಿ ಇಲ್ಲವೆ ಸಹಾಯಕ ಆಯುಕ್ತರಿಗೆ ಕೊಡಬಹುದು.

ಚರ್ಚೆಗೆ

1. ನಮ್ಮ ಊರಿಂದ ಹೋದವರಲ್ಲಿ ಯಾರ ಸುದ್ದಿ ಬಹಳ ದಿನದಿಂದ ಬಂದಿಲ್ಲ?
2. ಮರಳಿ ಬಂದ ಹೆಣ್ಣುಮಗಳನ್ನು ನಾವು ಹೇಗೆ ಮಾತಾಡಿಸುತ್ತೇವೆ?