ಮುತ್ತಜ್ಜಿಯ ಹೆಸರು ಪಹಣಿಯಲ್ಲಿಲ್ಲ

ಮನೆತನದ ಚರಿತ್ರೆ ಹುಡುಕುವ ಹುಚ್ಚು ನನಗೆ ಹಿಡಿದು ಬಹಳ ವರ್ಷಗಳಾದವು. ಮೊದಲು ನಮ್ಮದೇ ಮನೆ, ಆಮೇಲೆ ನೆಂಟರದು, ಈಗ ಯಾರು ಕೇಳಿದರೆ ಅವರದು. ಬರುವವರ ಕೈಯಲ್ಲಿ ಸಾಮಾನ್ಯವಾಗಿ ನಾಡಕಚೇರಿಯಿಂದ ತಂದ ಒಂದು ವಂಶವೃಕ್ಷ ಇರುತ್ತದೆ. "ಇದರ ಮೇಲೆ ಇನ್ನು ಮೂರು ತಲೆ ಸಿಕ್ಕರೆ ಸಾಕು ಸಾರ್" ಅನ್ನುತ್ತಾರೆ. ಅಂಥವರಿಗೆ ನಾನು ಹೇಳುವ ಮಾತುಗಳು ಇವು.

1. ಕಾಗದದಲ್ಲಿ ಏನಿದೆ ಎಂದು ನೋಡುವ ಮೊದಲು ಅದನ್ನು ಯಾತಕ್ಕೆ ಬರೆದರು ಎಂದು ಕೇಳಿ

ಕಚೇರಿಯ ವಂಶವೃಕ್ಷ ಹುಟ್ಟಿದ್ದು ಚರಿತ್ರೆಗಾಗಿ ಅಲ್ಲ, ಪೌತಿ ಖಾತೆಗಾಗಿ. ಆಸ್ತಿಗೆ ವಾರಸುದಾರರು ಯಾರು ಅನ್ನುವುದಷ್ಟೇ ಅದಕ್ಕೆ ಬೇಕು. ಮಕ್ಕಳಿಲ್ಲದೆ ತೀರಿಕೊಂಡ ದೊಡ್ಡಪ್ಪ, ಚಿಕ್ಕಂದಿನಲ್ಲೇ ಸತ್ತ ಕೂಸುಗಳು ಅದರಲ್ಲಿ ಇರುವುದಿಲ್ಲ, ಮದುವೆಯಾಗಿ ಹೋದ ಹೆಣ್ಣುಮಕ್ಕಳೂ ಎಷ್ಟೋ ಸಲ ಇರುವುದಿಲ್ಲ. ಪಹಣಿಗೆ ಬೇಕಾದ್ದು ಕಂದಾಯ ಕಟ್ಟುವವನ ಹೆಸರು. ಶಾಲೆಯ ದಾಖಲಾತಿ ಪುಸ್ತಕಕ್ಕೆ ಬೇಕಾದ್ದು ಒಂದನೇ ತರಗತಿಗೆ ಹೊಂದುವ ವಯಸ್ಸು. ಹಾಗಾಗಿಯೇ ನಮ್ಮ ಹಿಂದಿನ ತಲೆಮಾರಿನಲ್ಲಿ ಜೂನ್ 1ಕ್ಕೆ ಹುಟ್ಟಿದವರು ಊರ ತುಂಬ ಸಿಗುತ್ತಾರೆ. ಆ ತಾರೀಖು ಮೇಷ್ಟ್ರು ಕೊಟ್ಟದ್ದು. ಜನನ ಮರಣ ನೋಂದಣಿಗೆ ಇಡೀ ದೇಶಕ್ಕೊಂದು ಕಾನೂನು ಬಂದದ್ದು 1969ರಲ್ಲಿ. ಅದಕ್ಕಿಂತ ಹಿಂದಿನ ಹುಟ್ಟಿದ ದಿನ ಯಾವ ದಾಖಲೆಯಲ್ಲಿ ಕಂಡರೂ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿಯೇ ಬರೆದುಕೊಳ್ಳಿ.

2. ಹಿರಿಯರ ಹತ್ತಿರ ಹೆಸರು ಕೇಳಬೇಡಿ, ಅಡುಗೆ ಕೇಳಿ

"ಅಜ್ಜಿ, ನಿಮ್ಮ ಮಾವನ ಅಪ್ಪನ ಹೆಸರೇನು?" ಎಂದರೆ "ಗೊತ್ತಿಲ್ಲ ಕಣಪ್ಪ" ಎಂಬ ಉತ್ತರ ಬರುತ್ತದೆ. ಗಂಡನ ಕಡೆಯ ಹಿರಿಯರ ಹೆಸರು ಬಾಯಲ್ಲಿ ಹೇಳಬಾರದು ಎಂದು ಬೆಳೆದವರು ಅವರು. ಅದರ ಬದಲು "ನೀವು ಮದುವೆಯಾಗಿ ಬಂದಾಗ ಮನೇಲಿ ಎಷ್ಟು ಜನಕ್ಕೆ ಅಡುಗೆ ಆಗ್ತಿತ್ತು?" ಎಂದು ಕೇಳಿ ನೋಡಿ. ಅಜ್ಜಿ ಬೆರಳು ಮಡಚಿ ಎಣಿಸತೊಡಗುತ್ತಾರೆ. ಹಜಾರದಲ್ಲಿ ಮಲಗುತ್ತಿದ್ದ ವಿಧವೆ ಸೋದರತ್ತೆ, ಓದಲು ಬಂದು ನಿಂತಿದ್ದ ತಂಗಿಯ ಮಗ, ಸಂಬಳದ ಆಳು, ಎಲ್ಲರೂ ಹೊರಗೆ ಬರುತ್ತಾರೆ. ಕಚೇರಿಯ ಯಾವ ದಾಖಲೆಯೂ ಕೊಡದ ಪಟ್ಟಿ ಅದು. ಇಬ್ಬರು ಹಿರಿಯರಿದ್ದರೆ ಬೇರೆ ಬೇರೆ ಕೂರಿಸಿ ಕೇಳಿ. ಒಟ್ಟಿಗೆ ಕೂತರೆ ಜೋರು ಬಾಯಿಯವರ ನೆನಪೇ ಇಬ್ಬರದೂ ಆಗಿಬಿಡುತ್ತದೆ.

3. ಜಗಳವಾಡಿದ ಮನೆತನಕ್ಕೆ ದಾಖಲೆ ಹೆಚ್ಚು

ಜಮೀನು ಇದ್ದವರು ಪಹಣಿಗೇ ನಿಲ್ಲುತ್ತಾರೆ. ಪಹಣಿ ಈ ವರ್ಷ ಯಾರ ಹೆಸರಿದೆ ಅಂತ ಹೇಳುತ್ತದೆ, ಹೇಗೆ ಬಂತು ಅಂತ ಹೇಳುವುದು ಮ್ಯುಟೇಷನ್ ವಹಿ. ಪೌತಿಯೋ, ಕ್ರಯವೋ, ವಿಭಾಗವೋ, ದಾನವೋ ಎಂಬ ಕಾರಣ ಅಲ್ಲಿರುತ್ತದೆ. ಸರ್ವೆ ನಂಬರು ಹಿಡಿದು ತಾಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಹಕ್ಕು ದಾಖಲೆ, ಇಂಡೆಕ್ಸ್ ಆಫ್ ಲ್ಯಾಂಡ್ ಮತ್ತು ಹಳೆಯ ಮ್ಯುಟೇಷನ್‌ಗಳ ನಕಲಿಗೆ ಅರ್ಜಿ ಹಾಕಿ. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಪಾಲು ಪಾರಿಕತ್ತು ಸಿಕ್ಕರೆ ಅದೃಷ್ಟ. ಅಣ್ಣತಮ್ಮಂದಿರ ಹೆಸರು, ತಂದೆಯ ಹೆಸರು, ಚೆಕ್ಕುಬಂದಿ, ಕೆಲವೊಮ್ಮೆ ತಾಯಿಯ ಜೀವನಾಂಶದ ಭತ್ತದವರೆಗೆ ಬರೆದಿರುತ್ತಾರೆ. ಪಾಲಿನ ದಾವೆ ಕೋರ್ಟು ಹತ್ತಿದ್ದರೆ ಇನ್ನೂ ಒಳ್ಳೆಯದು. ಅಂಥ ದಾವೆಯಲ್ಲಿ ವಂಶಾವಳಿಯನ್ನೇ ಮೊದಲು ಮುಂದಿಡಬೇಕು, ಎದುರು ಪಕ್ಷದವರು ಅದರ ತಪ್ಪನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿರುತ್ತಾರೆ. ಒಗ್ಗಟ್ಟಾಗಿ ಬಾಳಿದ ಮನೆಯವರ ಚರಿತ್ರೆ ಬರೆಯುವುದೇ ಕಷ್ಟ.

ಜಮೀನು ಇರಲಿಲ್ಲ ಎನ್ನುವವರೂ ಕೈಚೆಲ್ಲಬೇಕಿಲ್ಲ. 1974ರ ಭೂಸುಧಾರಣೆಯಲ್ಲಿ ಗೇಣಿದಾರರು ಹಾಕಿದ ಫಾರಂ 7ರ ಕಡತಗಳಲ್ಲಿ ಎಷ್ಟು ವರ್ಷದಿಂದ, ಯಾರ ಕಾಲದಿಂದ ಉಳುತ್ತಿದ್ದಾರೆ ಎಂಬ ಹೇಳಿಕೆಗಳಿವೆ. ಗ್ರಾಮ ಹುದ್ದೆಗಳನ್ನು 1961ರ ಕಾನೂನಿನಿಂದ ರದ್ದು ಮಾಡಿದಾಗ ಪಟೇಲ, ಶಾನುಭೋಗರ ಜೊತೆಗೆ ತೋಟಿ, ತಳವಾರ, ನೀರಗಂಟಿ ಮನೆತನಗಳೂ ಇನಾಂ ಜಮೀನಿನ ಮರುಮಂಜೂರಿಗೆ ಅರ್ಜಿ ಹಾಕಿದವು. ಊರಿನ ಚರಿತ್ರೆಯಲ್ಲಿ ಹೆಸರೇ ಇಲ್ಲದ ಎಷ್ಟೋ ಅಜ್ಜಂದಿರ ಹೆಸರು ಆ ಕಡತಗಳಲ್ಲಿದೆ.

4. ಇಸವಿ ಕಟ್ಟುವುದನ್ನು ಕಲಿಯಿರಿ

ಹಳೆಯ ಪತ್ರದಲ್ಲಿ ರಕ್ತಾಕ್ಷಿ ಸಂವತ್ಸರ ಎಂದಷ್ಟೇ ಇದ್ದರೆ ಅದು 1864 ಆಗಬಹುದು, 1924 ಆಗಬಹುದು. ಅರವತ್ತು ವರ್ಷ ಅಂದರೆ ಎರಡು ತಲೆಮಾರು. ತಿಥಿಯ ಜೊತೆ ವಾರವೂ ಬರೆದಿದ್ದರೆ ಪಂಚಾಂಗ ನೋಡಿ ಯಾವುದೆಂದು ತೀರ್ಮಾನಿಸಬಹುದು. ಸಂವತ್ಸರ ಯುಗಾದಿಗೆ ತಿರುಗುವುದರಿಂದ ಪುಷ್ಯ, ಮಾಘದ ಮದುವೆಗಳು ಬಹುಮಟ್ಟಿಗೆ ಮುಂದಿನ ಇಸವಿಗೆ ಸೇರುತ್ತವೆ ಎಂಬುದನ್ನೂ ಮರೆಯಬೇಡಿ. ಮದ್ರಾಸು, ಹೈದರಾಬಾದು ಕಡೆಯ ಕಂದಾಯದ ಕಾಗದದಲ್ಲಿ ಫಸಲಿ ವರ್ಷ ಇರುತ್ತದೆ. ಅದಕ್ಕೆ 590 ಕೂಡಿಸಿದರೆ ಆ ಫಸಲಿ ಶುರುವಾದ ಇಸವಿ ಸಿಗುತ್ತದೆ.

ಬಾಯಿಮಾತಿನ ಕಾಲಕ್ಕೂ ಗೂಟಗಳಿವೆ. "ಧಾತು ಬರದಲ್ಲಿ ಊರು ಬಿಟ್ಟರು" ಎಂದರೆ 1876ರಿಂದ 78. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದದ್ದು 1881ರಲ್ಲಿ 42 ಲಕ್ಷದ ಹತ್ತಿರಕ್ಕೆ ಇಳಿದಿತ್ತು. ಅಷ್ಟು ದೊಡ್ಡ ಬರದಲ್ಲಿ ನಿಮ್ಮ ವಂಶದ ಒಂದು ಕೊಂಬೆ ಕಾಣೆಯಾಗಿದ್ದರೆ ಆಶ್ಚರ್ಯವಿಲ್ಲ. ಪ್ಲೇಗಿನಲ್ಲಿ ಊರ ಹೊರಗೆ ಗುಡಿಸಲು ಹಾಕಿಕೊಂಡರು ಎಂದರೆ ಬೆಂಗಳೂರಿನ ಮಟ್ಟಿಗೆ 1898 ಅಥವಾ ಅದರ ಈಚೆ. 1918ರ ಇನ್‌ಫ್ಲುಯೆಂಜಾ ಇನ್ನೊಂದು ಗುರುತು. ಒಂದೇ ವಾರದಲ್ಲಿ ಮನೆಯ ಮೂರು ಹೆಣ ಹೋದ ಕಥೆ ಇದ್ದರೆ ಮೊದಲು ಈ ಎರಡನ್ನು ನೋಡಿ.

5. ನಿಮ್ಮ ಊರು ಆಗ ಯಾರ ಆಳ್ವಿಕೆಯಲ್ಲಿತ್ತು?

ಇವತ್ತಿನ ಜಿಲ್ಲೆಯನ್ನು ಹಿಡಿದು ಹುಡುಕಿದರೆ ಬಾಗಿಲು ತಪ್ಪುತ್ತದೆ. ಧಾರವಾಡ, ಬೆಳಗಾವಿ ಸೀಮೆಯ ಇನಾಂ, ವತನದ ಹಳೆಯ ಕಾಗದ ಮೋಡಿ ಲಿಪಿಯ ಮರಾಠಿಯಲ್ಲಿರಬಹುದು, ಪೇಶ್ವೆ ದಫ್ತರ ಇರುವುದು ಪುಣೆಯಲ್ಲಿ. ಕಲಬುರಗಿ, ಬೀದರಿನವರಿಗೆ ಉರ್ದು ಬೇಕು, ಇನ್ನೂ ಹಿಂದಕ್ಕೆ ಹೋದರೆ ಪಾರ್ಸಿ. ಉತ್ತರ ಕನ್ನಡ 1862ರವರೆಗೆ ಮದ್ರಾಸಿನದು, ಆಮೇಲೆ ಮುಂಬಯಿಯದು. ಬಳ್ಳಾರಿ ಮೈಸೂರಿಗೆ ಸೇರಿದ್ದು 1953ರಲ್ಲಿ. ಮೋಡಿ ಓದುವವರು ಈಗ ಕಡಿಮೆ. ಸಿಕ್ಕವರಿಗೆ ಕೂಲಿ ಕೊಟ್ಟು ಓದಿಸಿಕೊಳ್ಳಿ, ಪುಕ್ಕಟೆ ಕೇಳಬೇಡಿ.

6. ಹೆಣ್ಣಿನ ಕಡೆಯಿಂದ ಒಳಗೆ ಬನ್ನಿ

ನನ್ನ ಅನುಭವದಲ್ಲಿ ನಿಂತುಹೋದ ಹುಡುಕಾಟ ಮತ್ತೆ ಹೊರಡುವುದು ಹೆಚ್ಚಾಗಿ ಇಲ್ಲಿಂದಲೇ. ಸರ್ಕಾರಿ ಕಾಗದ ಹೆಂಗಸರನ್ನು ಬಿಟ್ಟರೂ ಮನೆಯ ಕಾಗದ ಬಿಟ್ಟಿಲ್ಲ. ಮದುವೆಯ ಮುಯ್ಯಿ ಪುಸ್ತಕ ತೆಗೆಯಿರಿ. ಯಾವ ಊರಿನ ಯಾರು ಎಷ್ಟು ಓದಿಸಿದರು ಎಂಬ ಆ ಪಟ್ಟಿಯೇ ಬೀಗರ ನಕಾಶೆ. ಅಟ್ಟದ ಹಿತ್ತಾಳೆ ಕೊಳಗದ ಕಂಠದಲ್ಲಿ ಕೆತ್ತಿಸಿದ ಹೆಸರು ನೋಡಿ. ತವರಿನವರು ಕೊಟ್ಟ ಪಾತ್ರೆಗೆ ತವರಿನ ಗುರುತಿರುತ್ತದೆ. ಶ್ರಾದ್ಧ ಮಾಡುವ ಮನೆಯಾದರೆ ಮಹಾಲಯದ ಪಟ್ಟಿ ಕೇಳಿ. ತಂದೆಯ ಕಡೆ ಮೂರು ತಲೆ, ತಾಯಿಯ ಕಡೆ ಮೂರು ತಲೆ, ಜೊತೆಗೆ ಸೋದರತ್ತೆ, ಚಿಕ್ಕಮ್ಮ, ಮಾವ, ಗುರು ಎಲ್ಲರಿಗೂ ಅಲ್ಲಿ ಜಾಗ ಇದೆ. ಮದುವೆಯಲ್ಲಿ ಹೆಣ್ಣಿನ ಹೆಸರು ಬದಲಿಸುವ ಪದ್ಧತಿ ಉತ್ತರ ಕರ್ನಾಟಕದ ಹಲವು ಮನೆಗಳಲ್ಲಿತ್ತು. ಅಲ್ಲಿ ತವರಿನ ಹೆಸರು, ಗಂಡನ ಮನೆಯ ಹೆಸರು ಎರಡನ್ನೂ ಬರೆಯದಿದ್ದರೆ ಒಬ್ಬಳೇ ಇಬ್ಬರಾಗುತ್ತಾಳೆ.

ತುಳುನಾಡಿನ ಅಳಿಯಸಂತಾನದ ಮನೆಗಳಲ್ಲಂತೂ ಬಳಿ, ಅಂದರೆ ಕುಲ, ಬರುವುದೇ ತಾಯಿಯಿಂದ. ಅಲ್ಲಿ ಅಪ್ಪ, ಅಜ್ಜ ಎಂದು ಮೇಲೆ ಹತ್ತಿದರೆ ಬೇರೆಯವರ ಕುಟುಂಬದ ಚರಿತ್ರೆ ಬರೆದಂತಾಗುತ್ತದೆ.

7. ಒಂದೇ ಹೆಸರು ಕಂಡರೆ ಒಬ್ಬರೇ ಎಂದುಕೊಳ್ಳಬೇಡಿ

ಮೊಮ್ಮಗನಿಗೆ ಅಜ್ಜನ ಹೆಸರಿಡುವ ನಾಡು ನಮ್ಮದು. ಒಂದು ತಲೆಮಾರು ಬಿಟ್ಟು ಅದೇ ಹೆಸರು ತಿರುಗಿ ಬರುತ್ತದೆ. ತಂದೆಯ ಹೆಸರು, ಊರು, ಸರ್ವೆ ನಂಬರು ಮೂರರಲ್ಲಿ ಎರಡು ಹೊಂದದೆ ಇಬ್ಬರನ್ನು ಒಬ್ಬರಾಗಿಸಬೇಡಿ. ದತ್ತು ಹೋದವರನ್ನು ಎರಡೂ ಮನೆಯಲ್ಲಿ ತೋರಿಸಿ.

8. ಶಾಸನಕ್ಕೆ ಹಾರಬೇಡಿ

ಐದು ತಲೆ ಸಿಕ್ಕ ಕೂಡಲೇ ವಿಜಯನಗರದ ದಂಡನಾಯಕನೊಬ್ಬನಿಗೆ ಗಂಟು ಹಾಕುವ ಆಸೆ ಹಲವರಿಗೆ. ರೈಸ್ ಸಾಹೇಬರ ಶಾಸನ ಸಂಪುಟಗಳಾದ ಎಪಿಗ್ರಾಫಿಯಾ ಕರ್ನಾಟಿಕಾ ಊರಿನ ಹಿಂದಿನದನ್ನು ತಿಳಿಯಲು ಒಳ್ಳೆಯದು. ಆದರೆ ಊರಬಾಗಿಲ ವೀರಗಲ್ಲು ನಿಮ್ಮ ಅಜ್ಜನದೆಂದು ಹೇಳಲು ನಡುವಿನ ಒಂದೊಂದು ತಲೆಯೂ ಬೇಕು. ಇಲ್ಲದಿದ್ದರೆ ಖಾಲಿ ಬಿಡಿ.

9. ಹೆಳವರು ಬಂದರೆ ಕೂರಿಸಿ

ಎತ್ತಿನೊಂದಿಗೆ ಊರೂರು ತಿರುಗಿ ಮನೆತನಗಳ ವಂಶಾವಳಿ ಹೇಳುವ ಹೆಳವರು ನಮ್ಮಲ್ಲಿ ಇನ್ನೂ ಇದ್ದಾರೆ. ಇಂತಿಂಥ ಮನೆಗಳು ಇಂತಿಂಥ ಹೆಳವರಿಗೆ ಎಂಬ ಹಂಚಿಕೆ ಅವರಲ್ಲಿದೆ. ಮೂಲ ಎಲ್ಲಿ, ಮನೆದೇವರು ಯಾವುದು, ಯಾವ ಊರಿಂದ ಯಾವ ಊರಿಗೆ ಬಂದರು ಎಂಬುದನ್ನು ಹಾಡಿನ ಧಾಟಿಯಲ್ಲಿ ಹೇಳುತ್ತಾರೆ. ಹಿಂದೆ ಬಾಯಿಪಾಠ, ಈಗ ಹಲವರ ಹತ್ತಿರ ಪುಸ್ತಕವೂ ಇದೆ. ಹೊಗಳಿಕೆಯ ಭಾಗವನ್ನು ಅಷ್ಟಾಗಿ ನಂಬಬೇಕಿಲ್ಲ. ದಾನ ಪಡೆಯುವ ವೃತ್ತಿಯಲ್ಲಿ ಅದು ಸಹಜ. ಆದರೆ ವಲಸೆಯ ದಾರಿ, ಕವಲೊಡೆದ ಅಣ್ಣತಮ್ಮಂದಿರ ಊರುಗಳು, ಈ ವಿಷಯದಲ್ಲಿ ಅವರ ಮಾತನ್ನು ಪಹಣಿಯ ಜೊತೆ ಇಟ್ಟು ನೋಡುವುದು ಲಾಭ. ಅವರು ಹೇಳಿದ ಊರಿಗೆ ಹೋಗಿ ಅದೇ ಮನೆದೇವರ ಒಕ್ಕಲು ಇದ್ದಾರೆಯೇ ಎಂದು ವಿಚಾರಿಸಬಹುದು.

ಅವರ ಮಕ್ಕಳು ಬೇರೆ ಕಸುಬಿಗೆ ಹೋಗುತ್ತಿದ್ದಾರೆ, ಹೋಗಲಿ, ಅದು ಅವರ ಹಕ್ಕು. ನಿಮ್ಮ ಊರಿನಲ್ಲಿ ಹೆಳವರು ಯಾವ ತಿಂಗಳು ಬರುತ್ತಾರೆಂದು ವಿಚಾರಿಸಿ ಇಡಿ. ಬಂದಾಗ ಬಾಗಿಲಿಂದಲೇ ಕಳಿಸದೆ ಪಡಸಾಲೆಯಲ್ಲಿ ಕೂರಿಸಿ, ಪೂರ್ತಿ ಹೇಳಿಸಿ, ಅವರ ಒಪ್ಪಿಗೆ ಪಡೆದು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಕೊಡುವುದನ್ನು ಕೈತುಂಬ ಕೊಡಿ.