ಜರ್ಮನಿಯ ವಿಶ್ವವಿದ್ಯಾಲಯಕ್ಕೆ ಅರ್ಜಿ: ಯಾವ ಕಾಗದ, ಯಾವಾಗ?

ಜರ್ಮನಿಯ ಶೈಕ್ಷಣಿಕ ವರ್ಷವು ಅಕ್ಟೋಬರಿನಿಂದ ಮಾರ್ಚ್‌ವರೆಗಿನ ಚಳಿಗಾಲದ ಸೆಮಿಸ್ಟರ್ ಮತ್ತು ಏಪ್ರಿಲಿನಿಂದ ಸೆಪ್ಟೆಂಬರ್‌ವರೆಗಿನ ಬೇಸಿಗೆ ಸೆಮಿಸ್ಟರ್ ಎಂದು ಎರಡು ಪಾಲಾಗಿ ನಡೆಯುತ್ತದೆ. ಹೆಚ್ಚಿನ ಕೋರ್ಸುಗಳು ಚಳಿಗಾಲದಲ್ಲಿಯೇ ಆರಂಭವಾಗುವುದರಿಂದ, ಕರ್ನಾಟಕದಲ್ಲಿ ಬಿ.ಇ. ಅಂತಿಮ ವರ್ಷದಲ್ಲಿರುವ ವಿದ್ಯಾರ್ಥಿಯು ಮುಂದಿನ ಅಕ್ಟೋಬರಿನಲ್ಲಿ ಅಲ್ಲಿ ಸ್ನಾತಕೋತ್ತರ ತರಗತಿಗೆ ಸೇರಬೇಕಾದರೆ ಈ ವರ್ಷದ ಅಕ್ಟೋಬರಿನಲ್ಲಿಯೇ ಸಿದ್ಧತೆಗೆ ತೊಡಗಬೇಕಾಗುತ್ತದೆ. ಅಲ್ಲಿನ ಪ್ರವೇಶ ವ್ಯವಸ್ಥೆಯು ಅಭ್ಯರ್ಥಿಯ ಆಸೆಗಿಂತ ಆತನ ಕಾಗದಪತ್ರಗಳನ್ನು ಹೆಚ್ಚು ಗಮನವಿಟ್ಟು ಓದುತ್ತದೆಯಾದ್ದರಿಂದ, ಒಳ್ಳೆಯ ಅಂಕವಿದ್ದೂ ಒಂದು ಪತ್ರದ ಕೊರತೆಯಿಂದ ಅರ್ಜಿ ಬಿದ್ದುಹೋಗುವುದುಂಟು.

ಮೊದಲ ಕೆಲಸ ಕೋರ್ಸಿನ ಆಯ್ಕೆ. ಜರ್ಮನಿಯಲ್ಲಿ ಸಂಶೋಧನೆಗೆ ಒತ್ತು ಕೊಡುವ 'ಊನಿವೆರ್ಸಿಟೇಟ್'ಗಳೂ, ಕೈಗಾರಿಕೆಗೆ ಹತ್ತಿರವಾದ ಅನ್ವಯಿಕ ಶಿಕ್ಷಣವನ್ನು ನೀಡುವ 'ಹೋಖ್‌ಶೂಲೆ'ಗಳೂ ಇವೆ. ಎರಡನೆಯದರ ಹೆಸರಿನಲ್ಲಿ 'ಶಾಲೆ' ಎಂಬ ಅರ್ಥವಿದೆಯೆಂದು ಅದನ್ನು ಕೀಳೆಂದು ಭಾವಿಸುವುದು ತಪ್ಪು. 1925ರಲ್ಲಿ ಸ್ಥಾಪನೆಯಾದ ಜರ್ಮನ್ ಶೈಕ್ಷಣಿಕ ವಿನಿಮಯ ಸಂಸ್ಥೆ, ಅಂದರೆ ಡಾಡ್ (ಡಿಎಎಡಿ), ತನ್ನ ಜಾಲತಾಣದಲ್ಲಿ ಇಂಗ್ಲಿಷ್ ಮಾಧ್ಯಮದ ಕೋರ್ಸುಗಳ ಪಟ್ಟಿಯನ್ನು ಭಾಷೆ, ಶುಲ್ಕ ಮತ್ತು ಕೊನೆಯ ದಿನಾಂಕಗಳ ವಿವರದೊಂದಿಗೆ ಉಚಿತವಾಗಿ ನೀಡುತ್ತದೆ. ಇಂತಹ ಪಟ್ಟಿ ಕೈಗೆಟುಕುವಂತಿರುವಾಗ ಏಜೆಂಟರಿಗೆ ಹಣ ತೆರುವ ಅಗತ್ಯವಿಲ್ಲ. ಕಮಿಷನ್ ಸಿಗುವ ದುಬಾರಿ ಖಾಸಗಿ ಕಾಲೇಜುಗಳತ್ತ ವಿದ್ಯಾರ್ಥಿಯನ್ನು ತಿರುಗಿಸುವ ಮಧ್ಯವರ್ತಿಗಳೂ ಇರುತ್ತಾರೆಂಬುದನ್ನು ಮನೆಯವರು ತಿಳಿದಿರುವುದು ಒಳಿತು.

'ಜರ್ಮನಿಯಲ್ಲಿ ಓದು ಪುಕ್ಕಟೆ' ಎಂಬ ಮಾತು ಬಹುಮಟ್ಟಿಗೆ ನಿಜವಾದರೂ ಪೂರ್ತಿ ನಿಜವಲ್ಲ. ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳು ಬೋಧನಾ ಶುಲ್ಕವಿಲ್ಲದೆ, ವಿದ್ಯಾರ್ಥಿ ಸೇವೆಗಳಿಗಾಗಿ ಪ್ರತಿ ಸೆಮಿಸ್ಟರಿಗೆ ನೂರಾರು ಯೂರೋಗಳಷ್ಟು ವಂತಿಗೆಯನ್ನು ಮಾತ್ರ ಪಡೆಯುತ್ತವೆ. ಆದರೆ ಕಾರ್ಲ್ಸ್‌ರೂಹೆ, ಸ್ಟುಟ್‌ಗಾರ್ಟ್, ಹೈಡೆಲ್‌ಬರ್ಗ್ ನಗರಗಳಿರುವ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯವು ಐರೋಪ್ಯ ಒಕ್ಕೂಟದ ಹೊರಗಿನವರಿಗೆ 2017ರ ಚಳಿಗಾಲದ ಸೆಮಿಸ್ಟರಿನಿಂದ ಪ್ರತಿ ಸೆಮಿಸ್ಟರಿಗೆ 1,500 ಯೂರೋ ಶುಲ್ಕವನ್ನು ವಿಧಿಸಿದೆ. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯವೂ 2024ರ ಚಳಿಗಾಲದ ಸೆಮಿಸ್ಟರಿನಿಂದ ಕೋರ್ಸಿಗೆ ತಕ್ಕಂತೆ ಪ್ರತಿ ಸೆಮಿಸ್ಟರಿಗೆ 2,000ದಿಂದ 6,000 ಯೂರೋವರೆಗೆ ಶುಲ್ಕವನ್ನು ಪಡೆಯುತ್ತಿದೆ.

ಎರಡನೆಯದಾಗಿ, ಅರ್ಹತೆಯನ್ನು ಅಳೆಯುವ ಬಗೆಯನ್ನು ಅರಿಯಬೇಕು. ಯುರೋಪಿನಲ್ಲಿ ವ್ಯಾಸಂಗದ ಭಾರವನ್ನು 'ಇಸಿಟಿಎಸ್' ಎಂಬ ಕ್ರೆಡಿಟ್‌ಗಳಲ್ಲಿ ಎಣಿಸುತ್ತಾರೆ. ಒಂದು ವರ್ಷದ ಪೂರ್ಣಾವಧಿ ಓದಿಗೆ 60 ಕ್ರೆಡಿಟ್. ಸ್ನಾತಕೋತ್ತರ ಕೋರ್ಸುಗಳು ಪದವಿಯಲ್ಲಿ ಗಣಿತಕ್ಕೆ ಇಷ್ಟು, ಮೂಲ ಎಂಜಿನಿಯರಿಂಗ್ ವಿಷಯಗಳಿಗೆ ಇಷ್ಟು ಎಂದು ಕನಿಷ್ಠ ಕ್ರೆಡಿಟ್‌ಗಳನ್ನು ನಿಗದಿಪಡಿಸುವುದರಿಂದ, ಪ್ರವೇಶ ಸಮಿತಿಯು ಅಭ್ಯರ್ಥಿ ಓದಿದ ಪ್ರತಿಯೊಂದು ವಿಷಯದ ಪಠ್ಯವಿವರವನ್ನು ತನ್ನ ಪಠ್ಯದೊಡನೆ ಹೋಲಿಸಿ ನೋಡುತ್ತದೆ. ವಿಟಿಯು ವಿದ್ಯಾರ್ಥಿಗಳು ಈ ಪಠ್ಯವಿವರವನ್ನು ಲಗತ್ತಿಸುವಾಗ ತಾವು ಓದಿದ ಸ್ಕೀಮಿನದನ್ನೇ ಲಗತ್ತಿಸಬೇಕು. 2018ರ ಸ್ಕೀಮಿನಲ್ಲಿ ಓದಿದವರು ಅದರ ನಂತರದ ಸ್ಕೀಮಿನ ಸಿಲಬಸ್ ಕಳುಹಿಸಿದರೆ ವಿಷಯಗಳ ಕೋಡ್ ಅಂಕಪಟ್ಟಿಗೆ ತಾಳೆಯಾಗುವುದಿಲ್ಲ. ಉದ್ದೇಶ ಪತ್ರವನ್ನು ತಿದ್ದಿ ತೀಡಲು ವಾರಗಟ್ಟಲೆ ಕಳೆಯುವವರು ಈ ನೀರಸ ಕಡತಕ್ಕೆ ಎರಡು ದಿನವನ್ನಾದರೂ ಮೀಸಲಿಟ್ಟರೆ ಹೆಚ್ಚು ಲಾಭ.

ಅಂಕಗಳ ಪರಿವರ್ತನೆಯಲ್ಲಿ ಮತ್ತೊಂದು ಸೂಕ್ಷ್ಮವಿದೆ. ಜರ್ಮನಿಯಲ್ಲಿ 1.0 ಅತ್ಯುತ್ತಮ ದರ್ಜೆ, 4.0 ಉತ್ತೀರ್ಣತೆಯ ಕೊನೆಯ ಅಂಚು. ವಿದೇಶಿ ಅಂಕಗಳನ್ನು 'ಬವೇರಿಯನ್ ಸೂತ್ರ'ದ ಮೂಲಕ ಪರಿವರ್ತಿಸುತ್ತಾರೆ: ಗರಿಷ್ಠ ಅಂಕದಿಂದ ಅಭ್ಯರ್ಥಿಯ ಅಂಕವನ್ನು ಕಳೆದು, ಬಂದದ್ದನ್ನು ಗರಿಷ್ಠ ಮತ್ತು ಕನಿಷ್ಠ ಉತ್ತೀರ್ಣ ಅಂಕಗಳ ಅಂತರದಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದನ್ನು ಕೂಡಿಸಬೇಕು. ಹತ್ತಕ್ಕೆ 7.0 ಸಿಜಿಪಿಎ ಪಡೆದವರ ಕನಿಷ್ಠ ಉತ್ತೀರ್ಣ ಅಂಕವನ್ನು 4 ಎಂದು ಹಿಡಿದರೆ ಫಲಿತಾಂಶ 2.5 ಬರುತ್ತದೆ, 5 ಎಂದು ಹಿಡಿದರೆ 2.8 ಆಗುತ್ತದೆ. 2.5ರವರೆಗಿನವರಿಗೆ ಮಾತ್ರ ಪ್ರವೇಶವೆನ್ನುವ ಕೋರ್ಸಿನಲ್ಲಿ ಮೊದಲನೆಯವರು ಒಳಗೆ, ಎರಡನೆಯವರು ಹೊರಗೆ. ಆದ್ದರಿಂದ ಅಂಕಪಟ್ಟಿಯನ್ನು ಸ್ಕ್ಯಾನ್ ಮಾಡುವಾಗ ಅದರ ಹಿಂಬದಿಯಲ್ಲಿ ಗ್ರೇಡ್ ವಿವರಣೆ ಅಚ್ಚಾಗಿದ್ದರೆ ಆ ಪುಟವನ್ನು ಬಿಡಬಾರದು. ಅಲ್ಲಿ ಇಲ್ಲದಿದ್ದರೆ ಕನಿಷ್ಠ ಉತ್ತೀರ್ಣ ಅಂಕವನ್ನು ತಿಳಿಸುವ ಪತ್ರವೊಂದನ್ನು ಕಾಲೇಜಿನಿಂದ ಪಡೆಯಬೇಕು.

ಮೂರನೆಯ ಹಂತ ಎಪಿಎಸ್ ಪ್ರಮಾಣಪತ್ರ. ಭಾರತೀಯ ಶೈಕ್ಷಣಿಕ ದಾಖಲೆಗಳ ನೈಜತೆಯನ್ನು ಪರಿಶೀಲಿಸುವ, ನವದೆಹಲಿಯಿಂದ ಕೆಲಸ ಮಾಡುವ ಈ ಕೇಂದ್ರದ ಪ್ರಮಾಣಪತ್ರವು 2022ರ ನವೆಂಬರ್ 1ರಿಂದ ವಿದ್ಯಾರ್ಥಿ ವೀಸಾಕ್ಕೆ ಕಡ್ಡಾಯವಾಗಿದೆ. ವೀಸಾ ಕಾಲಕ್ಕೆ ಮಾಡಿಸಿದರಾಯಿತೆಂದು ಇದನ್ನು ಮುಂದೂಡುವವರಿದ್ದಾರೆ. ಆದರೆ ಅನೇಕ ವಿಶ್ವವಿದ್ಯಾಲಯಗಳು ಅರ್ಜಿಯೊಂದಿಗೇ ಇದನ್ನು ಕೇಳುವುದರಿಂದ, ಅರ್ಜಿ ಸಲ್ಲಿಕೆ ಆರಂಭವಾಗುವ ಹೊತ್ತಿಗೆ ಇದು ಕೈಯಲ್ಲಿರುವುದು ಕ್ಷೇಮ.

ಹೆಸರಿನ ತೊಡಕು ಮೇಲೆ ಬರುವುದೂ ಇಲ್ಲಿಯೇ. ಕರ್ನಾಟಕದಲ್ಲಿ ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳನ್ನು ಇನಿಶಿಯಲ್ ಆಗಿ ಬರೆಯುವ ರೂಢಿಯಿದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಶಿಯಲ್ ಮುಂದೆ, ಪದವಿ ಅಂಕಪಟ್ಟಿಯಲ್ಲಿ ಹಿಂದೆ, ಪಾಸ್‌ಪೋರ್ಟಿನಲ್ಲಿ ಅದೇ ಅಕ್ಷರ ಪೂರ್ತಿ ಬಿಡಿಸಿಕೊಂಡು ಮನೆತನದ ಹೆಸರಿನ ಜಾಗದಲ್ಲಿ ಕುಳಿತಿದ್ದರೆ, ಮೂರೂ ಒಬ್ಬರವೇ ಎಂಬುದು ಇಲ್ಲಿನ ಗುಮಾಸ್ತರಿಗೆ ನೋಡಿದೊಡನೆ ತಿಳಿಯುತ್ತದೆ, ಜರ್ಮನಿಯ ಗುಮಾಸ್ತರಿಗೆ ತಿಳಿಯುವುದಿಲ್ಲ. ಇಂತಹವರು ನೋಟರಿಯ ಮುಂದೆ ಇಂಗ್ಲಿಷಿನಲ್ಲಿ ಅಫಿಡವಿಟ್ ಮಾಡಿಸಿಟ್ಟುಕೊಂಡು, ಎಲ್ಲ ಅರ್ಜಿಗಳಲ್ಲಿಯೂ ಪಾಸ್‌ಪೋರ್ಟಿನಲ್ಲಿರುವ ರೂಪವನ್ನೇ ಬಳಸುವುದು ಸೂಕ್ತ.

ಅರ್ಜಿಯನ್ನು ಕೆಲವು ವಿಶ್ವವಿದ್ಯಾಲಯಗಳು ತಮ್ಮ ಪೋರ್ಟಲಿನಲ್ಲಿ ನೇರವಾಗಿ ಸ್ವೀಕರಿಸಿದರೆ, ಬೇರೆ ಹಲವು ಬರ್ಲಿನ್ನಿನ 'ಯುನಿ-ಅಸಿಸ್ಟ್' ಎಂಬ ಸಂಸ್ಥೆಯ ಮೂಲಕ ಪಡೆಯುತ್ತವೆ. ಈ ಸಂಸ್ಥೆ ಒಂದು ಸೆಮಿಸ್ಟರಿನ ಮೊದಲ ಅರ್ಜಿಗೆ 75 ಯೂರೋ, ನಂತರದ ಪ್ರತಿ ಅರ್ಜಿಗೆ 30 ಯೂರೋ ಪಡೆದು ದಾಖಲೆಗಳನ್ನು ಪೂರ್ವಪರಿಶೀಲನೆ ಮಾಡುತ್ತದೆಯೇ ಹೊರತು ಪ್ರವೇಶದ ತೀರ್ಮಾನ ವಿಶ್ವವಿದ್ಯಾಲಯದ್ದೇ. ಚಳಿಗಾಲದ ಸೆಮಿಸ್ಟರಿಗೆ ಜುಲೈ 15, ಬೇಸಿಗೆಗೆ ಜನವರಿ 15 ಎಂಬುದು ಸಾಮಾನ್ಯ ಗಡುವಾದರೂ, ವಿದೇಶಿ ವಿದ್ಯಾರ್ಥಿಗಳ ಸ್ನಾತಕೋತ್ತರ ಕೋರ್ಸುಗಳಲ್ಲಿ ಅನೇಕವು ಮಾರ್ಚ್ ಅಥವಾ ಮೇ ತಿಂಗಳಿಗೇ ಬಾಗಿಲು ಮುಚ್ಚುತ್ತವೆ. ಪರಿಶೀಲನೆಗೆ ವಾರಗಳು ಹಿಡಿಯುವುದರಿಂದ ಕೊನೆಯ ದಿನಕ್ಕೆ ಆರೆಂಟು ವಾರ ಮೊದಲೇ ಅರ್ಜಿ ಸೇರಿರಬೇಕು. ಆಗ ಕೊರತೆಯಿರುವ ಪತ್ರವನ್ನು ಪೂರೈಸಲು ಅವಕಾಶ ಉಳಿಯುತ್ತದೆ.

ಭಾಷೆಯ ವಿಷಯ ಚಿಕ್ಕದು. ಇಂಗ್ಲಿಷ್ ಕೋರ್ಸುಗಳು ಸಾಮಾನ್ಯವಾಗಿ ಐಇಎಲ್‌ಟಿಎಸ್ ಪರೀಕ್ಷೆಯಲ್ಲಿ 6.5ರಷ್ಟನ್ನು, ಜರ್ಮನ್ ಮಾಧ್ಯಮದವು ಟೆಸ್ಟ್‌ಡಾಫ್‌ನಂತಹ ಪರೀಕ್ಷೆಯನ್ನು ಬಯಸುತ್ತವೆ. ಆದರೂ ಓದು ಇಂಗ್ಲಿಷಿನಲ್ಲಿದ್ದ ಮಾತ್ರಕ್ಕೆ ಬಾಡಿಗೆ ಕರಾರು ಇಂಗ್ಲಿಷಿನಲ್ಲಿ ಇರುವುದಿಲ್ಲವಾದ್ದರಿಂದ, ಕಾಯುವ ತಿಂಗಳುಗಳನ್ನು ಬೆಂಗಳೂರಿನ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಂತಹ ಕಡೆ ಆರಂಭದ ಜರ್ಮನ್ ಕಲಿಯಲು ಬಳಸಬಹುದು.

ಪಿಯುಸಿ ಮುಗಿಸಿ ನೇರವಾಗಿ ಪದವಿಗೆ ಹೋಗಬಯಸುವವರ ದಾರಿ ಬೇರೆ. ಪಿಯುಸಿ ಒಂದೇ ಸಾಮಾನ್ಯವಾಗಿ ನೇರ ಪ್ರವೇಶಕ್ಕೆ ಸಾಲದು. ಜೆಇಇ ಅಡ್ವಾನ್ಸ್ಡ್ ತೇರ್ಗಡೆಯಾದವರಿಗೆ, ಇಲ್ಲವೇ ಇಲ್ಲಿನ ಮಾನ್ಯ ಪದವಿ ಕೋರ್ಸಿನ ಒಂದು ವರ್ಷವನ್ನು ಮುಗಿಸಿದವರಿಗೆ ಸಂಬಂಧಪಟ್ಟ ವಿಷಯದಲ್ಲಿ ಅವಕಾಶವಿರುತ್ತದೆ, ಉಳಿದವರು 'ಸ್ಟುಡಿಯೆನ್‌ಕೊಲೆಗ್' ಎಂಬ ಪೂರ್ವಸಿದ್ಧತಾ ಕಾಲೇಜಿನಲ್ಲಿ ಒಂದು ವರ್ಷ ಓದಿ ಪರೀಕ್ಷೆ ಮುಗಿಸಬೇಕು.

ಪ್ರವೇಶಪತ್ರ ಬಂದ ಮೇಲೆ ಹಣದ ಏರ್ಪಾಡು. ವಿದ್ಯಾರ್ಥಿಯು ಒಂದು ವರ್ಷದ ಜೀವನವೆಚ್ಚವನ್ನು 'ಸ್ಪೆರ್‌ಕೊಂಟೊ' ಎಂಬ ನಿರ್ಬಂಧಿತ ಖಾತೆಯಲ್ಲಿ ಮುಂಗಡವಾಗಿ ಇಡಬೇಕು. 2024ರ ಸೆಪ್ಟೆಂಬರಿನಿಂದ ಈ ಮೊತ್ತ 11,904 ಯೂರೋ. ಹಣ ವಿದ್ಯಾರ್ಥಿಯದೇ ಆದರೂ ಅಲ್ಲಿಗೆ ತಲುಪಿದ ಬಳಿಕ ತಿಂಗಳಿಗೆ 992 ಯೂರೋ ಮಾತ್ರ ಕೈಗೆ ಸಿಗುತ್ತದೆ. ಸಾಲ ಪಡೆಯುವವರು ಬ್ಯಾಂಕಿನ ಮಂಜೂರಾತಿಗೆ ಹಿಡಿಯುವ ಕಾಲವನ್ನೂ ಇಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಆರೋಗ್ಯ ವಿಮೆಯೂ ಕಡ್ಡಾಯ. 30 ವರ್ಷದೊಳಗಿನ ವಿದ್ಯಾರ್ಥಿಗಳಿಗೆ ಸಾರ್ವಜನಿಕ ವಿಮೆಯಲ್ಲಿ ರಿಯಾಯಿತಿ ದರವಿದೆ.

ಬಳಿಕ ವೀಸಾ. ತಿರಸ್ಕಾರವನ್ನು ಮರುಪರಿಶೀಲಿಸುವಂತೆ ದೂತಾವಾಸವನ್ನೇ ಕೋರುವ ಹಳೆಯ ವ್ಯವಸ್ಥೆಯನ್ನು 2025ರ ಜುಲೈ 1ರಿಂದ ಕೈಬಿಡಲಾಗಿದೆ. ಈಗ ಉಳಿದಿರುವುದು ಹೊಸ ಅರ್ಜಿ ಅಥವಾ ನ್ಯಾಯಾಲಯ. ಹೀಗಾಗಿ ಮೊದಲ ಅರ್ಜಿಯಲ್ಲಿಯೇ ಯಾವ ಕೊರತೆಯೂ ಉಳಿಯಬಾರದು.

ಜರ್ಮನಿಯಲ್ಲಿ ಮನೆಗೆ ಸೇರಿದ ಎರಡು ವಾರಗಳೊಳಗೆ ವಿಳಾಸವನ್ನು ನಗರಾಡಳಿತದ ಕಚೇರಿಯಲ್ಲಿ ನೋಂದಾಯಿಸುವುದು ಕಾನೂನಿನ ಅಗತ್ಯ. ಅಲ್ಲಿನ ಅಂಚೆಯವರು ವಿಳಾಸದ ಜೊತೆಗೆ ಅಂಚೆಪೆಟ್ಟಿಗೆಯ ಮೇಲಿನ ಹೆಸರನ್ನೂ ನೋಡಿ ಪತ್ರ ಹಾಕುವುದರಿಂದ, ವಿಮೆಯ ಕಾರ್ಡು, ತೆರಿಗೆ ಸಂಖ್ಯೆಗಳೆಲ್ಲ ಮನೆಗೆ ಮುಟ್ಟಬೇಕಾದರೆ ಬಂದ ದಿನವೇ ಪಾಸ್‌ಪೋರ್ಟಿನಲ್ಲಿರುವಂತೆ ಹೆಸರು ಬರೆದ ಚೀಟಿಯೊಂದನ್ನು ಆ ಪೆಟ್ಟಿಗೆಗೆ ಅಂಟಿಸಬೇಕು.